ಭೇದಿ ಅಂದುಕೊಂಡಿದ್ದು ಭೇದಿ ಆಗಿರಲಿಲ್ಲ

ಹೋದ ವರ್ಷ ಗೋಕುಲಾಷ್ಟಮಿಯ ಹಿಂದಿನ ದಿನ ಅಡುಗೆಮನೆಯಲ್ಲಿ ಕೂತು ಚಕ್ಕುಲಿ ಒತ್ತುತ್ತಿದ್ದೆ. ಕೊನೆಗೆ ಒಂದಿಷ್ಟು ಹಿಟ್ಟು ಉಳಿಯಿತು. ಮಗಳು ಒರಳಿನ ಬಿಲ್ಲೆ ತೆಗೆದು ಸಣ್ಣ ತೂತಿನ ಬಿಲ್ಲೆ ಹಾಕಿದಳು, ಖಾರಾಸೇವೆ ಥರ ಏನಾದರೂ ಆಗಲಿ ಅಂತ. ಹಿಟ್ಟು ಅದೇ, ಒರಳು ಅದೇ. ಆದರೆ ಒತ್ತೋದಕ್ಕೆ ಮೈಭಾರವನ್ನೆಲ್ಲ ಹಾಕಬೇಕಾಯ್ತು. ಬಂದಿದ್ದು ದಾರದ ಹಾಗೆ, ಅದೂ ತುಂಡು ತುಂಡಾಗಿ. ಒಂದೆರಡು ತೂತಿಗೆ ಎಳ್ಳು ಸಿಕ್ಕಿಕೊಂಡು ಅಲ್ಲಿಂದ ಏನೂ ಬರಲೇ ಇಲ್ಲ. ನಾನು ಒರಳು ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಐದು ತಿಂಗಳಿಂದ ಬಾತ್‌ರೂಮಿನಲ್ಲಿ ಪಡುತ್ತಿದ್ದ ಪಾಡು ಕಣ್ಣೆದುರಿಗೇ ಇತ್ತು.

ಊಟ ಮಾಡ್ತಾ ಫೋನ್ ನೋಡುವ ಅಭ್ಯಾಸ ಇರುವವರು ಇದನ್ನು ಆಮೇಲೆ ಓದಿ. ಮುಂದೆ ಬರುವುದೆಲ್ಲ ಕಕ್ಕಸಿನ ವಿಷಯವೇ.

ನಾನು ದಾವಣಗೆರೆಯಲ್ಲಿ ಲೇಡೀಸ್ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡೂವರೆ ವರ್ಷದ ಹಿಂದೆ ಮೋಷನ್ ಜೊತೆ ರಕ್ತ ಬರೋಕೆ ಶುರುವಾಯ್ತು. ದಿನವಿಡೀ ಕೂತು ಕೆಲಸ ಮಾಡುವವಳು, ಪೈಲ್ಸ್ ಇರಬೇಕು ಅಂತ ನಾನೇ ತೀರ್ಮಾನ ಮಾಡಿಕೊಂಡು ಮೂಲಂಗಿ ರಸ ಕುಡಿದೆ, ಮಜ್ಜಿಗೆ ಕುಡಿದೆ, ಮೆಡಿಕಲ್ ಶಾಪಿನವನು ಕೊಟ್ಟ ಮುಲಾಮು ಹಚ್ಚಿದೆ. ನಾಲ್ಕು ತಿಂಗಳು ಹೀಗೇ ಹೋಯ್ತು. ಕೊನೆಗೆ ಕೊಲೊನೋಸ್ಕೋಪಿ ಮಾಡಿಸಿದಾಗ ಗುದದ್ವಾರದಿಂದ 7 ಸೆಂಟಿಮೀಟರ್ ಮೇಲೆ ಗಡ್ಡೆ ಕಂಡಿತು. ಕ್ಯಾನ್ಸರ್.

ಆ ಕಥೆ ಬೇರೆ, ಇಲ್ಲಿ ಅದನ್ನು ಬೆಳೆಸಲ್ಲ. ಮೊದಲು 28 ದಿನ ರೇಡಿಯೇಷನ್, ಜೊತೆಗೆ ಕೆಪೆಸಿಟಬಿನ್ ಅನ್ನೋ ಕೀಮೋ ಮಾತ್ರೆ. ಎರಡು ತಿಂಗಳು ಬಿಟ್ಟು ಬೆಂಗಳೂರಿನಲ್ಲಿ ಆಪರೇಷನ್. ಗಡ್ಡೆ ಇದ್ದ ಭಾಗವನ್ನು ಕತ್ತರಿಸಿ ತೆಗೆದು, ಮೇಲಿನ ಕರುಳನ್ನು ಕೆಳಗೆ ಉಳಿದ ಗಿಡ್ಡ ತುದಿಗೆ ಜೋಡಿಸಿದರು. ಆ ಜೋಡಣೆ ಗಾಯ ಮಾಗೋವರೆಗೂ ಅಲ್ಲಿ ಮಲ ಓಡಾಡಬಾರದು ಅಂತ ಸಣ್ಣ ಕರುಳನ್ನು ಹೊಟ್ಟೆಯ ಬಲಗಡೆ ಹೊರಗೆ ತಂದು, ಮಲ ಅದರಲ್ಲಿ ಬೀಳಲಿ ಅಂತ ಬ್ಯಾಗ್ ಹಾಕಿದರು. ಆಮೇಲೆ ಕೀಮೋ. ಆರು ತಿಂಗಳಾದ ಮೇಲೆ ಆ ಕರುಳನ್ನು ಒಳಗೆ ಹಾಕಿ ಬ್ಯಾಗ್ ಬಿಡಿಸಿದರು. ಬ್ಯಾಗ್ ಹೋದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು, ನನಗೆ ಮಾತ್ರ ಗಂಜಿ.

ಆಪರೇಷನ್‌ಗೆ ಮುಂಚೆ ಸರ್ಜನ್‌ಗೆ ಒಂದು ಪ್ರಶ್ನೆ ಕೇಳಿದ್ದೆ. ಕರುಳನ್ನು ಹೇಗೆ ಹೊಲೀತೀರಿ ಸರ್ ಅಂತ. ಟೈಲರ್ ಬುದ್ಧಿ. ಅವರು ನಕ್ಕು, "ನಿಮ್ಮ ಕೆಲಸಾನೇ ಅಮ್ಮಾ ನಮ್ಮದೂ" ಅಂದು ಚೀಟಿಯ ಹಿಂದೆ ಬರೆದು ತೋರಿಸಿದರು. ಮೇಲಿನ ಕರುಳಿನ ಬಾಯಿಗೆ ಸುತ್ತಲೂ ದಾರ ಓಡಿಸುತ್ತಾರೆ, ಲಂಗಕ್ಕೆ ಲಾಡಿ ಹಾಕಿದ ಹಾಗೆ. ಅದರೊಳಗೆ ಅಣಬೆಯಂಥ ಒಂದು ಲೋಹದ ತಲೆ ಇಟ್ಟು, ಲಾಡಿ ಎಳೆದು ಗಂಟು ಹಾಕುತ್ತಾರೆ. ಕೆಳಗಿನಿಂದ, ಗುದದ್ವಾರದ ಮೂಲಕ, ಉದ್ದನೆಯ ಸ್ಟೇಪ್ಲರ್ ಬರುತ್ತದೆ. ಎರಡನ್ನೂ ಕ್ಲಿಕ್ ಅಂತ ಕೂಡಿಸಿ, ತಿರುಗಣಿ ತಿರುಗಿಸಿ ಹತ್ತಿರ ತಂದು ಹಿಡಿ ಅದುಮಿದರೆ ಟೈಟಾನಿಯಂ ಪಿನ್ನುಗಳು ಎರಡು ಸಾಲಾಗಿ ಸುತ್ತಲೂ ಕೂರುತ್ತವೆ, ಅದೇ ಏಟಿಗೆ ಒಳಗಿರುವ ದುಂಡನೆಯ ಬ್ಲೇಡು ನಡುವಿನದನ್ನು ಕತ್ತರಿಸಿ ದಾರಿ ಬಿಡಿಸುತ್ತದೆ. ಕತ್ತರಿಸಿ ಬಂದಿದ್ದು ಎರಡು ಉಂಗುರ. ಅವೆರಡೂ ಪೂರ್ತಿ ಇವೆಯಾ ಅಂತ ಕೈಯಲ್ಲಿ ಹಿಡಿದು ನೋಡುತ್ತಾರಂತೆ. ಎಲ್ಲಾದರೂ ಬಿಟ್ಟುಹೋಗಿದ್ದರೆ ಆ ಜಾಗದಲ್ಲಿ ಹೊಲಿಗೆ ಸರಿಯಾಗಿ ಬಿದ್ದಿಲ್ಲ ಅಂತ ಅನುಮಾನ. ಕೊನೆಗೆ ಪಂಕ್ಚರ್ ಅಂಗಡಿಯ ಪರೀಕ್ಷೆ. ಜೋಡಣೆ ಮುಳುಗುವಷ್ಟು ನೀರು ಬಿಟ್ಟು, ಕೆಳಗಿನಿಂದ ಗಾಳಿ ಊದಿ, ಗುಳ್ಳೆ ಬರುತ್ತಾ ನೋಡೋದು. ಇದನ್ನು ಕೇಳಿ ನನಗೆ ಬಹಳ ಧೈರ್ಯ ಬಂತು, ಯಾಕೋ ಗೊತ್ತಿಲ್ಲ.

ದುಂಡನೆಯ ಹೊಲಿಗೆಯ ಕಷ್ಟ ನನಗೆ ಗೊತ್ತು. ಬ್ಲೌಸಿನ ಪಕ್ಕದ ಹೊಲಿಗೆ ಯಾರು ಬೇಕಾದರೂ ಹಾಕುತ್ತಾರೆ, ತೋಳು ಕೂರಿಸೋದರಲ್ಲಿ ಟೈಲರ್ ಯಾರು ಅಂತ ಗೊತ್ತಾಗೋದು. ದಾರ ಸ್ವಲ್ಪ ಬಿಗಿಯಾದರೂ ಸುತ್ತಲೂ ಸುಕ್ಕು ಹಿಡಿದು ತೋಳಿನ ಬಾಯಿ ಚಿಕ್ಕದಾಗುತ್ತದೆ. ಟೇಪು ಹಿಡಿದರೆ ಬಟ್ಟೆಯ ಅಳತೆ ಸರಿಯಾಗೇ ಇರುತ್ತೆ, ಕೈ ಮಾತ್ರ ಹೋಗಲ್ಲ. ಬಟ್ಟೆಯಾದರೆ ಬಿಚ್ಚಿ ಮತ್ತೆ ಹಾಕಬಹುದು. ಇನ್ನೊಂದು ವ್ಯತ್ಯಾಸ, ಬಟ್ಟೆ ಹೊಲಿದ ಮೇಲೆ ತಾನಾಗಿ ಕುಗ್ಗಲ್ಲ. ಗಾಯ ಕುಗ್ಗುತ್ತೆ.

ಬ್ಯಾಗ್ ತೆಗೆದ ಮೇಲೆ ಮೊದಲ ವಾರ ದಿನಕ್ಕೆ ಇಪ್ಪತ್ತು ಸಲ ಹೋಗಿದ್ದೇನೆ. ಇದನ್ನು ಮೊದಲೇ ಹೇಳಿದ್ದರು. ಗುದನಾಳ ಅನ್ನೋದು ಒಂದು ಗೋಡೌನು, ಅದನ್ನೇ ತೆಗೆದ ಮೇಲೆ ಸರಕು ಬಂದಷ್ಟೂ ಬಾಗಿಲಿಗೇ ಬರುತ್ತೆ, ಒಂದು ವರ್ಷದವರೆಗೂ ಹೀಗೇ ಇರಬಹುದು ಅಂತ. ಇದಕ್ಕೆ ಲಾರ್ಸ್ ಅಂತ ಹೆಸರು. ಡೆನ್ಮಾರ್ಕಿನ ಡಾಕ್ಟರುಗಳು 2012ರಲ್ಲಿ ಇದನ್ನು ಅಳೆಯೋಕೆ ಐದು ಪ್ರಶ್ನೆಗಳ ಪಟ್ಟಿಯೊಂದನ್ನು ಮಾಡಿದ್ದಾರೆ. ಗ್ಯಾಸ್ ತಡೆಯೋಕೆ ಆಗುತ್ತಾ, ನೀರು ಮೋಷನ್ ಸೋರುತ್ತಾ, ದಿನಕ್ಕೆ ಎಷ್ಟು ಸಲ, ಹೋಗಿ ಬಂದು ಒಂದು ಗಂಟೆಯೊಳಗೆ ಮತ್ತೆ ಹೋಗಬೇಕಾ, ಓಡಿ ಹೋಗುವಷ್ಟು ಅವಸರ ಆಗುತ್ತಾ. ಒಟ್ಟು 42 ಅಂಕ, 30 ಮುಟ್ಟಿದರೆ ಜೋರಾಗಿದೆ ಅಂತ ಲೆಕ್ಕ. ಮಗಳು ಮೊಬೈಲಿನಲ್ಲಿ ಹುಡುಕಿ ನನಗೆ ಹಾಕಿಸಿದಳು. ನನ್ನದು 36. ಶಾಲೆಯಲ್ಲಿ ಗಣಿತದಲ್ಲಿ ಅಷ್ಟು ಯಾವತ್ತೂ ಬಂದಿರಲಿಲ್ಲ.

ಭೇದಿ ಕಟ್ಟಲಿ ಅಂತ ಲೋಪೆರಮೈಡ್ ಮಾತ್ರೆ ಕೊಟ್ಟಿದ್ದರು. ಮೊದಲ ತಿಂಗಳು ಕೆಲಸ ಮಾಡಿತು. ಇಪ್ಪತ್ತು ಎಂಟಕ್ಕೆ ಇಳಿಯಿತು. ಖುಷಿಯಾದೆ. ಆಮೇಲೆ ನಿಧಾನಕ್ಕೆ ಮತ್ತೆ ಏರಿತು. ಹತ್ತಾಯ್ತು, ಹದಿನೈದಾಯ್ತು. ಲಾರ್ಸ್ ಜಾಸ್ತಿಯಾಗಿದೆ ಅಂದುಕೊಂಡೆ. ಇಲ್ಲಿ ಹತ್ತಿರದ ಡಾಕ್ಟರಿಗೆ ತೋರಿಸಿದಾಗ ಅವರೂ ಲೂಸ್ ಮೋಷನ್ ಅಂತಲೇ ಬರೆದುಕೊಂಡು ಮಾತ್ರೆ ಹೆಚ್ಚಿಸಿದರು, ಜೊತೆಗೆ ಗಟ್ಟಿಯಾಗಲಿ ಅಂತ ಇಸಬ್ಗೋಲ್ ಕೊಟ್ಟರು.

ಈಗ ಯೋಚಿಸಿದರೆ ನನಗೇ ಸಿಟ್ಟು ಬರುತ್ತೆ, ಯಾಕಂದರೆ ಲಕ್ಷಣಗಳೆಲ್ಲ ಸಾಲಾಗಿ ನಿಂತಿದ್ದವು. ಮೊದಲಿನ ಇಪ್ಪತ್ತು ಸಲ ತಡೆಯೋಕೆ ಆಗದೆ ಓಡಿದ್ದು. ಈಗಿನ ಹದಿನೈದು ಸಲ ಹೋಗಿ ಕೂತು ತಿಣುಕುತ್ತಿದ್ದದ್ದು. ಹತ್ತು ನಿಮಿಷ ತಿಣುಕಿದರೆ ಶಾವಿಗೆಯಷ್ಟು ಬರುತ್ತಿತ್ತು. ಎದ್ದು ಕೈಕಾಲು ತೊಳೆದು ಮಿಷನ್ ಮುಂದೆ ಕೂತರೆ ಇನ್ನೂ ಇದೆ ಅನ್ನಿಸುತ್ತಿತ್ತು, ಮತ್ತೆ ಏಳಬೇಕು. ಕೆಲವೊಮ್ಮೆ ಬರೀ ನೀರು. ಗಟ್ಟಿಯಾದದ್ದು ಮೇಲೆ ನಿಂತಿದೆ, ಅದರ ಪಕ್ಕದಿಂದ ನೀರಾದದ್ದು ಮಾತ್ರ ಇಳಿದು ಬರುತ್ತಿದೆ, ಅದನ್ನು ನೋಡಿ ನಾನು ಭೇದಿ ಅಂತ ಮಾತ್ರೆ ನುಂಗುತ್ತಿದ್ದೇನೆ! ಕಟ್ಟಿಕೊಂಡ ಮೋರಿಗೆ ಇನ್ನಷ್ಟು ಬಟ್ಟೆ ತುರುಕಿದ ಹಾಗೆ. ಆ ಇಸಬ್ಗೋಲ್ ಅಂತೂ ನೀರು ಹೀರಿ ಉಬ್ಬುವ ಸಾಮಾನು, ಸಣ್ಣ ದಾರಿಯ ಮೇಲೆ ಅದು ಉಬ್ಬಿ ಕೂತರೆ ಗತಿ ಏನು?

ಸಂಜೆಯಾದರೆ ಹೊಟ್ಟೆ ಐದಾರು ತಿಂಗಳ ಬಸುರಿಯ ಹಾಗೆ ಆಗುತ್ತಿತ್ತು. ಒಳಗೆ ಗುಡುಗು. ಗಿರಾಕಿಗಳು ಅಳತೆ ಕೊಡೋಕೆ ಬಂದು ಎದುರಿಗೆ ನಿಂತಿರುವಾಗ ಹೊಟ್ಟೆ ಗೊಳಗೊಳ ಅನ್ನೋದು ಅವರಿಗೂ ಕೇಳಿಸುತ್ತಿತ್ತು. ಆಗ ನಾನು ಸುಮ್ನೆ ಮಿಷನ್ ಪೆಡಲ್ ತುಳಿದು ಚಿಂದಿ ಬಟ್ಟೆಯ ಮೇಲೆ ನಾಲ್ಕು ಗೆರೆ ಹೊಲಿಗೆ ಹಾಕುತ್ತಿದ್ದೆ, ಸದ್ದಿನಲ್ಲಿ ಸದ್ದು ಮುಚ್ಚಿಹೋಗಲಿ ಅಂತ. ಒಂದು ಸಲ ಒಬ್ಬರು "ಏನಕ್ಕಾ, ಬ್ಲೌಸ್ ಕೊಡಿ ಅಂದ್ರೆ ಚಿಂದಿ ಹೊಲೀತಿದ್ದೀರಲ್ಲ" ಅಂದರು. ಮಿಷನ್ ಚೆಕ್ ಮಾಡ್ತಿದ್ದೀನಿ ಅಂದೆ.

ಬಸ್ಸು ಹತ್ತೋದು ಬಿಟ್ಟೆ. ಬೆಂಗಳೂರಿಗೆ ಇಲ್ಲಿಂದ 260 ಕಿಲೋಮೀಟರ್, ಬಸ್ಸು ಹಿರಿಯೂರಿನಲ್ಲಿ ಒಮ್ಮೆ ನಿಲ್ಲಿಸುತ್ತೆ, ಅಷ್ಟೇ. ಒಮ್ಮೆ ಸಿರಾ ದಾಟಿದ ಮೇಲೆ ಕಂಡಕ್ಟರ್ ಹತ್ತಿರ ಹೋಗಿ ಬಸ್ ನಿಲ್ಲಿಸಿ ಅಂತ ಕೈಮುಗಿದಿದ್ದೇನೆ. ಪಾಪ, ನಿಲ್ಲಿಸಿದರು. ಬಸ್ಸಿನಲ್ಲಿದ್ದ ಎಲ್ಲರೂ ಕಿಟಕಿಯಿಂದ ನೋಡುತ್ತಿದ್ದರು. ಅದಾದ ಮೇಲೆ ಟ್ರೈನೇ, ಅದರಲ್ಲೂ ಟಾಯ್ಲೆಟ್ ಹತ್ತಿರದ ಸೀಟೇ.

ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಅತ್ತಿಗೆಗೆ ಸ್ವಲ್ಪ ಹೇಳಿದ್ದಕ್ಕೆ "ಜೀವ ಉಳಿದಿದೆಯಲ್ಲ, ಇದೆಲ್ಲ ಏನು ಮಹಾ ಬಿಡೇ" ಅಂದರು. ಪ್ರೀತಿಯಿಂದಲೇ ಅಂದಿದ್ದು. ಕ್ಯಾನ್ಸರ್ ಆದವರಿಗೆ ಇದೊಂದು ಕಾಟ. ಜೀವ ಉಳಿದಿದ್ದಕ್ಕೆ ಬಾಡಿಗೆ ಕಟ್ಟುತ್ತಾ ಇರಬೇಕು ಅನ್ನೋ ಥರ ಎಲ್ಲರೂ ಮಾತಾಡುತ್ತಾರೆ, ಕೊನೆಗೆ ನಾವೂ ಹಾಗೇ ಅಂದುಕೊಂಡು ಬಾಯಿ ಮುಚ್ಚಿಕೊಂಡು ಕಟ್ಟುತ್ತಿರುತ್ತೇವೆ.

ಚಕ್ಕುಲಿಯ ದಿನ ರಾತ್ರಿ ಮಗಳಿಗೆ ಎಲ್ಲ ಹೇಳಿದೆ. ಅವಳು ಮೊದಲು ಜೋರಾಗಿ ನಕ್ಕಳು, ಆಮೇಲೆ ಮುಖ ಸಣ್ಣದಾಯ್ತು. ನಾಳೆಯೇ ಬೆಂಗಳೂರಿಗೆ ಫೋನ್ ಮಾಡೋಣ ಅಂದಳು. ಹಬ್ಬ ಮುಗಿಯಲಿ ಅಂದೆ. ಹಬ್ಬ ಮುಗಿಯಿತು, ಮರುದಿನ ಯಾರೋ ಮುಸುಕಿನ ಜೋಳ ತಂದುಕೊಟ್ಟರು. ಮಳೆ ಬೇರೆ ಬರುತ್ತಿತ್ತು. ಉಪ್ಪು ಹಾಕಿ ಬೇಯಿಸಿ ಒಂದೂವರೆ ತೆನೆ ತಿಂದೆ.

ಅವತ್ತು ರಾತ್ರಿಯಿಂದ ಮೋಷನ್ ಇಲ್ಲ, ಗ್ಯಾಸೂ ಇಲ್ಲ. ಹೊಟ್ಟೆ ಡೋಲಿನ ಹಾಗೆ ಬಿಗಿದುಕೊಂಡಿತು. ಬಿಟ್ಟು ಬಿಟ್ಟು ನುಲಿಯುತ್ತಿತ್ತು, ಬೆಳಗಿನ ಜಾವ ವಾಂತಿ. ಇಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೂಗಿಗೆ ನಳಿಗೆ ಹಾಕಿ, ಡ್ರಿಪ್ ಹಾಕಿ ಮಲಗಿಸಿದರು. ಒಂದೂವರೆ ದಿನ ಆದ ಮೇಲೆ ಹೇಗೋ ದಾರಿ ಬಿಟ್ಟಿತು. ಜೋಳದ ಸಿಪ್ಪೆ ಸಿಪ್ಪೆಯಾಗೇ ಬಂತು. ಅಲ್ಲಿಂದ ನೇರ ಬೆಂಗಳೂರು.

ಅಲ್ಲಿ ಸರ್ಜನ್ ಮಾಡಿದ ಮೊದಲ ಕೆಲಸ ಸ್ಕ್ಯಾನ್ ಅಲ್ಲ. ಎಡಗಡೆಗೆ ಮಗ್ಗುಲಾಗಿ ಮಲಗಿ ಮೊಣಕಾಲು ಮಡಚಿಕೊಳ್ಳಿ ಅಂದರು, ಗ್ಲೌಸ್ ಹಾಕಿ ಜೆಲ್ ಹಚ್ಚಿ ಬೆರಳಿನಿಂದ ನೋಡಿದರು. ನರ್ಸ್ ನನ್ನ ಭುಜದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಬೆರಳು ಒಂದು ಕಡೆ ಹೋಗಿ ನಿಂತಿದ್ದು ನನಗೇ ಗೊತ್ತಾಯ್ತು, ಗೋಡೆಗೆ ತಾಗಿದ ಹಾಗೆ.

"ಇಲ್ಲಿ ಕಿರುಬೆರಳೂ ಹೋಗ್ತಾ ಇಲ್ಲ ಅಮ್ಮಾ. ಎಷ್ಟು ದಿನದಿಂದ ಹೀಗಿದೆ?"

"ಐದು ತಿಂಗಳಾಯ್ತು ಸರ್. ಲೂಸ್ ಮೋಷನ್ ಅಂದುಕೊಂಡಿದ್ದೆ."

"ಎಷ್ಟು ಸಲ ಅಂತ ಎಲ್ಲರೂ ಹೇಳ್ತಾರೆ. ಎಷ್ಟು ದಪ್ಪ ಅಂತ ಯಾರೂ ಹೇಳಲ್ಲ."

ಒಂದು ನಿಮಿಷದ ಪರೀಕ್ಷೆ. ನಮ್ಮೂರಿನ ಡಾಕ್ಟರಿಗೆ ಬೈಯೋಣ ಅನಿಸಿತು, ಆದರೆ ನಿಜ ಹೇಳಬೇಕು. ಅವರೂ ಒಮ್ಮೆ "ಒಂದ್ಸಲ ಪರೀಕ್ಷೆ ಮಾಡಿ ನೋಡಲಾ" ಅಂತ ಕೇಳಿದ್ದರು. ಕಾಂಪೌಂಡರ್ ಹುಡುಗ ಅಲ್ಲೇ ನಿಂತಿದ್ದ. ನಾನೇ ಬೇಡ ಅಂದಿದ್ದೆ.

ಮರುದಿನ ಸ್ಕೋಪ್ ಹಾಕಿದರು. ಸುಮಾರು 12 ಮಿಲಿಮೀಟರ್ ದಪ್ಪದ ನಳಿಗೆ ಅದು, ಜೋಡಣೆಯ ಹತ್ತಿರ ನಿಂತುಬಿಟ್ಟಿತು. ಈ ಸ್ಕೋಪ್ ದಾಟಲಿಲ್ಲ ಅಂದರೆ ಜೋಡಣೆ ಕಿರಿದಾಗಿದೆ ಅಂತ ತುಂಬಾ ಕಡೆ ಲೆಕ್ಕ ಹಿಡಿಯುತ್ತಾರೆ. ನನಗೆ ಹಾಕಿದ ಸ್ಟೇಪ್ಲರ್ 29 ಮಿಲಿಮೀಟರಿನದು ಅಂತ ಡಿಸ್ಚಾರ್ಜ್ ಹಾಳೆಯಲ್ಲಿತ್ತು. ಅದು ಹೊರಗಿನ ಅಳತೆ, ಒಳಗೆ ಬ್ಲೇಡು ಬಿಡಿಸುವ ದಾರಿ 20 ಮಿಲಿಮೀಟರಿನ ಆಸುಪಾಸು. ಅದು ಈಗ ಪೆನ್ಸಿಲ್ ದಪ್ಪಕ್ಕೆ ಬಂದಿತ್ತು. ಪರದೆಯ ಮೇಲೆ ನಾನೂ ನೋಡಿದೆ. ಗುಲಾಬಿ ಬಣ್ಣದ ಗೋಡೆ, ಕೊನೆಯಲ್ಲಿ ಬಿಳಿಚಿಕೊಂಡ ಒಂದು ಬಳೆ, ಅದರ ನಡುವೆ ಪುಟ್ಟ ತೂತು. ಬಳೆಯ ಅಂಚಿನಲ್ಲಿ ಒಂದು ಪಿನ್ನು ಜರತಾರಿಯ ಚೂರಿನ ಹಾಗೆ ಮಿಣುಕುತ್ತಿತ್ತು.

ಅಲ್ಲಿಂದ ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸಿದರು. ಕಿರಿದಾಗಿರುವುದು ಬರೀ ಗಾಯದ ಕಲೆಯಿಂದಲೋ, ಗಡ್ಡೆ ಮತ್ತೆ ಬಂದಿದೆಯೋ ಅಂತ ನೋಡಲೇಬೇಕಂತೆ. ಸಿಟಿ ಸ್ಕ್ಯಾನ್, ಕ್ಯಾನ್ಸರಿನ ಸುಳಿವು ನೋಡುವ ಸಿಇಎ ರಕ್ತಪರೀಕ್ಷೆ ಕೂಡ. ರಿಪೋರ್ಟ್ ಬರೋವರೆಗಿನ ಎಂಟು ದಿನದ ಬಗ್ಗೆ ಬರೆಯಲ್ಲ. ಕ್ಯಾನ್ಸರ್ ಇರಲಿಲ್ಲ.

ಯಾಕೆ ಹೀಗಾಯ್ತು ಸರ್ ಅಂತ ಕೇಳಿದೆ. ಒಂದೇ ಕಾರಣ ಅಂತ ಹೇಳೋಕೆ ಆಗಲ್ಲ ಅಂದರು. ರೇಡಿಯೇಷನ್ ಬಿದ್ದ ಜಾಗದಲ್ಲಿ ರಕ್ತ ಓಡಾಟ ಕಡಿಮೆ, ಅಂಥ ಕಡೆ ಗಾಯ ಮೆತ್ತಗೆ ಮಾಗಲ್ಲ, ಗಟ್ಟಿ ಕಲೆಯಾಗಿ ಬಿಗಿದುಕೊಳ್ಳುತ್ತೆ. ಆಪರೇಷನ್ ಆಗಿ ಐದನೇ ದಿನ ನನಗೆ ಜ್ವರ ಬಂದಿತ್ತು, ಆಂಟಿಬಯಾಟಿಕ್‌ನಲ್ಲಿ ಇಳಿದಿತ್ತು. ಜೋಡಣೆಯಲ್ಲಿ ಎಲ್ಲೋ ಸೂಜಿಮೊನೆಯಷ್ಟು ಸೋರಿರಬಹುದು, ಸೋರಿದ ಕಡೆ ಉರಿಯೂತ ಆಗಿ ಕಲೆ ಇನ್ನೂ ದಪ್ಪ ಆಗುತ್ತೆ. ಮೂರನೆಯದು ಕೇಳಿ ನನಗೆ ಆಶ್ಚರ್ಯ ಆಯ್ತು. ಆ ಜೋಡಣೆಯನ್ನು ಕಾಪಾಡೋಕೆ ಅಂತಲೇ ಹಾಕಿದ ಬ್ಯಾಗೂ ಒಂದು ಕಾರಣ ಇರಬಹುದಂತೆ. ದಿನಾ ಮಲ ಹಾದುಹೋಗುತ್ತಿದ್ದರೆ ಅದೇ ಆ ದಾರಿಯನ್ನು ಹಿಗ್ಗಿಸುತ್ತಿರುತ್ತೆ. ನನ್ನದು ಆರು ತಿಂಗಳು ಖಾಲಿ ಬಿದ್ದಿತ್ತು. ಕಿವಿ ಚುಚ್ಚಿಸಿ ಓಲೆ ಹಾಕದೆ ಬಿಟ್ಟರೆ ತೂತು ಮುಚ್ಚಿಕೊಳ್ಳಲ್ವಾ, ಹಾಗೆ.

ಹಾಗಂತ ಬ್ಯಾಗ್ ಹಾಕಿಸಿಕೊಳ್ಳಬೇಡಿ ಅಂತ ನಾನು ಹೇಳ್ತಿಲ್ಲ. ಅಷ್ಟು ಕೆಳಗಿನ ಜೋಡಣೆ ಪೂರ್ತಿ ಬಿಟ್ಟುಕೊಂಡು ಹೊಟ್ಟೆಯೊಳಗೆಲ್ಲ ಹರಡಿದರೆ ಜೀವಕ್ಕೇ ಅಪಾಯ. ಬ್ಯಾಗ್ ತೆಗೆಯುವ ಮುಂಚೆ ಬೆರಳಿನಿಂದ ನೋಡಿ ಸ್ವಲ್ಪ ಬಿಗಿ ಇದೆ, ಹಿಗ್ಗುತ್ತೆ ಅಂದಿದ್ದರು. ಹಿಗ್ಗಲಿಲ್ಲ. ನೂರಕ್ಕೆ ಎಷ್ಟು ಜನಕ್ಕೆ ಹೀಗಾಗುತ್ತೆ ಅಂತ ಮಗಳು ಹುಡುಕಿದರೆ ಎರಡು ಮೂರು ಅಂತಲೂ ಸಿಕ್ಕಿತು, ಮೂವತ್ತು ಅಂತಲೂ ಸಿಕ್ಕಿತು. ಒಬ್ಬರು ಸ್ಕೋಪ್ ಹೋಗದಿದ್ದರೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ, ಇನ್ನೊಬ್ಬರು ತೊಂದರೆ ಆದವರನ್ನು ಮಾತ್ರ, ಮತ್ತೊಬ್ಬರು ಬೆರಳಿಗೆ ಬಿಗಿ ಅನಿಸಿದವರನ್ನೆಲ್ಲ. ಒಬ್ಬೊಬ್ಬರದು ಒಂದೊಂದು ಟೇಪು.

ಬಲೂನ್ ಹಾಕಿ ಹಿಗ್ಗಿಸೋಣ ಅಂದರು. ಬಲೂನ್ ಅಂದಾಗ ಜಾತ್ರೆಯದು ನೆನಪಾಯ್ತು, ನೋಡಿದರೆ ಬೇರೆಯೇ. ಸ್ಕೋಪಿನೊಳಗಿನಿಂದ ತೆಳ್ಳಗೆ ಸುತ್ತಿಕೊಂಡ ಬಲೂನನ್ನು ಬಿಟ್ಟು, ಕಿರಿದಾದ ಜಾಗದಲ್ಲಿ ಸರಿಯಾಗಿ ನಡುವೆ ಕೂರಿಸಿ, ಪಿಸ್ತೂಲಿನಂಥ ಪಂಪಿನಲ್ಲಿ ನೀರು ಒತ್ತುತ್ತಾರೆ. ಒತ್ತಡ ಏರಿಸಿದ ಹಾಗೆ ಅದರ ದಪ್ಪ ಒಂದೊಂದು ಹಂತ ಏರುತ್ತೆ, ಅದಕ್ಕಿಂತ ಜಾಸ್ತಿ ಉಬ್ಬಲ್ಲ. ಪ್ರತಿ ಹಂತದಲ್ಲೂ ಒಂದು ನಿಮಿಷ ಹಾಗೇ ಹಿಡಿಯುತ್ತಾರೆ. ಹರಿದುಹೋಗುವ ಅಪಾಯ ಸ್ವಲ್ಪ ಇದೆ, ಹಾಗಾದರೆ ಮತ್ತೆ ಹೊಟ್ಟೆ ಕೊಯ್ಯಬೇಕಾಗಬಹುದು ಅಂತ ಹೇಳಿ ಸಹಿ ಹಾಕಿಸಿಕೊಂಡರು. ಅದಕ್ಕೇ ಒಂದೇ ದಿನ ಪೂರ್ತಿ ಹಿಗ್ಗಿಸಲ್ಲ. ಮೊದಲ ಸಲ 15 ಮಿಲಿಮೀಟರ್. ಎರಡು ವಾರ ಬಿಟ್ಟು 18. ಮತ್ತೆ ಮೂರು ವಾರ ಬಿಟ್ಟು 20. ಮಂಪರಿನ ಇಂಜೆಕ್ಷನ್ ಕೊಟ್ಟಿದ್ದರೂ ಮೊದಲ ಸಲ ಒಳಗೆ ಏನೋ ಬಿಗಿದು ಎಳೆದ ಹಾಗೆ ಅನಿಸಿತು. ಆಮೇಲೆ ಎರಡು ದಿನ ಚೂರು ರಕ್ತ. ಅಷ್ಟೇ.

ಎಲ್ಲರಿಗೂ ಬಲೂನಿನಲ್ಲೇ ಮುಗಿಯಲ್ಲ. ಮತ್ತೆ ಮತ್ತೆ ಬಿಗಿದುಕೊಂಡರೆ ಕಲೆಯನ್ನು ಕರೆಂಟಿನ ಚಾಕುವಿನಿಂದ ಮೂರ್ನಾಲ್ಕು ಕಡೆ ಗೀರಿ ಸಡಿಲ ಮಾಡುತ್ತಾರಂತೆ. ಅದನ್ನು ಕೇಳಿದಾಗ ನನಗೆ ಕಂಡಿದ್ದು ಬ್ಲೌಸಿನ ಕತ್ತು. ದುಂಡನೆಯ ಹೊಲಿಗೆ ಎಳೆಯಬಾರದು ಅಂತ ನಾವು ಒಳಗಿನ ಬಟ್ಟೆಗೆ ಅಲ್ಲಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಕೊಡುತ್ತೇವಲ್ಲ, ಅದೇ ಉಪಾಯ. ಕಲೆಯೊಳಗೆ ಸ್ಟಿರಾಯ್ಡ್ ಇಂಜೆಕ್ಷನ್ ಕೊಡೋದೂ ಇದೆ. ಏನೂ ಆಗದಿದ್ದರೆ ಬಿಚ್ಚಿ ಮತ್ತೆ ಜೋಡಿಸೋದು, ಅದಂತೂ ದೊಡ್ಡ ಆಪರೇಷನ್.

ಮೂರನೇ ಬಲೂನ್ ಆದ ಮೇಲೆ ಮನೆಗೆ ಒಂದು ಸಾಮಾನು ಕೊಟ್ಟು ಕಳಿಸಿದರು. ಸ್ಟೀಲಿನ ಕಡ್ಡಿ, ಸ್ವಲ್ಪ ಬಾಗಿದೆ, ತುದಿ ನುಣ್ಣಗೆ. ಹೆಗಾರ್ ಡೈಲೇಟರ್ ಅಂತೆ. ಹತ್ತೊಂಬತ್ತನೇ ಶತಮಾನದ ಒಬ್ಬ ಜರ್ಮನ್ ಹೆರಿಗೆ ಡಾಕ್ಟರ್ ಮಾಡಿದ್ದು. ಅದರ ನಂಬರ್ ಅಂದರೆ ಮಿಲಿಮೀಟರಿನಲ್ಲಿ ಅದರ ದಪ್ಪವೇ, ನನ್ನದು 16. ಜೋಡಣೆ ಕೆಳಗೇ ಇರೋದರಿಂದ ಮನೆಯಲ್ಲೇ ಮಾಡಿಕೊಳ್ಳಬಹುದು ಅಂತ ನರ್ಸ್ ಎರಡು ಸಲ ತನ್ನ ಎದುರಿಗೇ ಮಾಡಿಸಿ ಕಲಿಸಿದಳು. ಎಷ್ಟು ಒಳಗೆ ಅಂತ ಕಡ್ಡಿಯ ಮೇಲೆ ಪ್ಲಾಸ್ಟರ್ ಸುತ್ತಿ ಗುರುತು ಹಾಕಿಕೊಟ್ಟಳು. ವಾರಕ್ಕೆ ಎರಡು ಸಲ, ಜೆಲ್ ಹಚ್ಚಿ, ಉಸಿರು ಬಿಡುತ್ತಾ. ಸರಾಗ ಹೋಗದಿದ್ದರೆ ತಳ್ಳಬೇಡಿ, ಫೋನ್ ಮಾಡಿ ಅಂತ ಹೇಳಿದ್ದಾಳೆ. ಇದನ್ನು ಓದಿ ಯಾರೂ ತಾವಾಗೇ ಅಂಗಡಿಯಿಂದ ತಂದು ಶುರು ಮಾಡಬೇಡಿ ಮತ್ತೆ. ನನ್ನ ಸ್ಟೀಲ್ ಕಡ್ಡಿ ಹಳೇ ಟವಲಿನಲ್ಲಿ ಸುತ್ತಿ ಬೀರುವಿನ ಮೇಲಿನ ಖಾನೆಯಲ್ಲಿದೆ. ನಮ್ಮೆಜಮಾನರು ಒಮ್ಮೆ ಅದನ್ನು ತೆಗೆದು "ಇದು ಯಾವ ಮಿಷನ್ನಿನ ಪಾರ್ಟ್?" ಅಂತ ಕೇಳಿದರು. ನನ್ನದೇ ಅಂದೆ.

ನಮ್ಮ ಅಂಗಡಿಗೆ ಆಯುರ್ವೇದ ಓದಿಸುವ ಒಬ್ಬ ಮೇಡಂ ಬರುತ್ತಾರೆ. ಅವರಿಗೆ ಇದನ್ನೆಲ್ಲ ಹೇಳಿದೆ, ಈಗ ನನಗೆ ಹೇಳೋದಕ್ಕೆ ನಾಚಿಕೆ ಕಡಿಮೆಯಾಗಿದೆ. ಅವರು ಸುಶ್ರುತ ಸಂಹಿತೆಯಲ್ಲೇ ಇದಿದೆ ಅಂದರು. ಗುದದ ದಾರಿ ಕಿರಿದಾಗುವುದಕ್ಕೆ ಸನ್ನಿರುದ್ಧಗುದ ಅಂತ ಹೆಸರು. ಕಬ್ಬಿಣ, ಮರ ಅಥವಾ ಅರಗಿನ ನಳಿಗೆಗೆ ತುಪ್ಪ ಸವರಿ ಒಳಗೆ ಇಡೋದು, ಮೂರು ಮೂರು ದಿನಕ್ಕೊಮ್ಮೆ ಇನ್ನೂ ಸ್ವಲ್ಪ ದಪ್ಪದ ನಳಿಗೆ ಹಾಕುತ್ತಾ ಹೋಗೋದು. ತುಪ್ಪದ ಜಾಗಕ್ಕೆ ಜೆಲ್ ಬಂದಿದೆ ಅಷ್ಟೇ ಅಲ್ವಾ? ತೂತಾದ ಕರುಳಿನ ಅಂಚುಗಳನ್ನು ಕೂಡಿಸಿ ಹಿಡಿದು ಕಪ್ಪು ಇರುವೆಗಳಿಂದ ಕಚ್ಚಿಸಿ, ಇರುವೆಯ ಮೈ ಕಿತ್ತು ತಲೆ ಮಾತ್ರ ಬಿಡೋದೂ ಅದರಲ್ಲೇ ಇದೆಯಂತೆ. ಅದೂ ಒಂಥರಾ ಸ್ಟೇಪ್ಲರ್. ನಿಜವಾದ ಸ್ಟೇಪ್ಲರ್ ಬಂದಿದ್ದು 1908ರಲ್ಲಿ, ಬುಡಾಪೆಸ್ಟಿನ ಹುಲ್ಟ್ಲ್ ಅನ್ನೋ ಸರ್ಜನ್ ಮೊದಲು ಬಳಸಿದ್ದು ಅಂತ ಮಗಳು ಓದಿ ಹೇಳಿದಳು. ಅದಕ್ಕೂ ಮುಂಚೆ, 1892ರಲ್ಲಿ, ಚಿಕಾಗೋದ ಮರ್ಫಿ ಒಂದು ಗುಂಡಿ ಮಾಡಿದ್ದ. ಥೇಟ್ ನಮ್ಮ ಟಿಚ್ ಬಟನ್. ಕರುಳಿನ ಎರಡು ತುದಿಗೂ ಅದರ ಒಂದೊಂದು ಭಾಗ ಕೂರಿಸಿ ಟಿಚ್ ಅಂತ ಒತ್ತಿಬಿಡೋದು. ಕರುಳು ಕೂಡಿಕೊಂಡ ಮೇಲೆ ಗುಂಡಿ ತಾನಾಗೇ ಮೋಷನ್ ಜೊತೆ ಹೊರಗೆ ಬರೋದಂತೆ. ಇಪ್ಪತ್ತೆರಡು ವರ್ಷದಿಂದ ಟಿಚ್ ಬಟನ್ ಹಚ್ಚುತ್ತಿದ್ದೇನೆ, ಈಗ ಒಂದೊಂದು ಒತ್ತಿದಾಗಲೂ ಆ ಮನುಷ್ಯ ನೆನಪಾಗುತ್ತಾನೆ.

ಆ ಡೆನ್ಮಾರ್ಕಿನ ಐದು ಪ್ರಶ್ನೆಗಳಿಗೆ ಮತ್ತೆ ಬರುತ್ತೇನೆ. ಮೊನ್ನೆ ಮತ್ತೊಮ್ಮೆ ಹಾಕಿ ನೋಡಿದೆ, ಈಗ 23. ಪಟ್ಟಿ ಒಳ್ಳೆಯದೇ, ತಪ್ಪು ಹೇಳಲ್ಲ. ಆದರೆ ಐದರಲ್ಲಿ ಒಂದೂ ದಪ್ಪ ಎಷ್ಟು ಅಂತ ಕೇಳಲ್ಲ, ತಿಣುಕಬೇಕಾ ಅಂತಲೂ ಕೇಳಲ್ಲ. ಅದು ಕೇಳೋದು ತಡೆಯೋಕೆ ಆಗದವರ ಕಷ್ಟ. ಹೊರಗೆ ಬರದವರ ಕಷ್ಟವೂ ಹೊರಗಿನಿಂದ ನೋಡೋಕೆ ಅದೇ ಥರ ಇರುತ್ತೆ. ಹದಿನೈದು ಸಲ ಅಂದರೆ ಹದಿನೈದು ಸಲ. ನನ್ನ 36 ಅಂಕದಲ್ಲಿ ಎಷ್ಟು ಗೋಡೌನು ಇಲ್ಲದ್ದರದು, ಎಷ್ಟು ಬಾಗಿಲು ಚಿಕ್ಕದಾದದ್ದು ಅಂತ ಆ ಪಟ್ಟಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಾದರೂ ಬ್ಯಾಗ್ ತೆಗೆಸಿ ಎರಡು ಮೂರು ತಿಂಗಳಾದ ಮೇಲೆ ಸಲ ಜಾಸ್ತಿಯಾಗಿದೆ ಅಂದರೆ ನಾನು ಈಗ ನೇರವಾಗಿ ಕೇಳುತ್ತೇನೆ, ಚಕ್ಕುಲಿಯೋ ಖಾರಾಸೇವೆಯೋ ಅಂತ. ಮೊದಮೊದಲು ಎಲ್ಲರೂ ನಗುವ ಇಮೋಜಿ ಹಾಕುತ್ತಿದ್ದರು. ಹೋದ ತಿಂಗಳು ಒಬ್ಬರು ಬೇರೆಯಾಗಿ ಮೆಸೇಜ್ ಮಾಡಿ "ಖಾರಾಸೇವೆ ಅಕ್ಕ" ಅಂತ ಬರೆದರು. ಅವರು ಹೋಗಿ ತೋರಿಸಿಕೊಂಡು ಬಂದಿದ್ದಾರೆ.

ಊಟದಲ್ಲಿ ಈಗ ಅಷ್ಟೇನೂ ಕಟ್ಟುಪಾಡಿಲ್ಲ. ಮುಸುಕಿನ ಜೋಳ ಮುಟ್ಟಲ್ಲ, ಅದು ಡಾಕ್ಟರ್ ಹೇಳಿ ಅಲ್ಲ, ಭಯಕ್ಕೆ. ಕಿತ್ತಳೆಯ ತೊಳೆಯ ಸಿಪ್ಪೆ ಉಗಿಯುತ್ತೇನೆ. ಬೆಣ್ಣೆ ದೋಸೆ ತಿನ್ನುತ್ತೇನೆ, ದಾವಣಗೆರೆಯಲ್ಲಿದ್ದು ಅದನ್ನೂ ಬಿಡೋಕಾಗುತ್ತಾ? ಮಿರ್ಚಿ ಮಂಡಕ್ಕಿಯಲ್ಲಿ ಮಂಡಕ್ಕಿ ನನಗೆ, ಮಿರ್ಚಿ ಅವರಿಗೆ. ದಿನಕ್ಕೆ ನಾಲ್ಕೈದು ಸಲ ಹೋಗುತ್ತೇನೆ, ಬೆಳಿಗ್ಗೆಯೇ ಮೂರು. ಹೊಟ್ಟೆ ಈಗಲೂ ಕೆಲವು ಸಂಜೆ ಮಾತಾಡುತ್ತೆ. ಮಿಷನ್ ತುಳಿಯಲ್ಲ, ಮಾತಾಡಲಿ ಬಿಡಿ ಅಂತ ಅಳತೆ ತಗೊಳ್ತೀನಿ.

ಹೋದ ವಾರ ಚೆಕಪ್‌ಗೆ ಬೆಂಗಳೂರಿಗೆ ಹೋಗಿದ್ದೆ. ಬೆರಳು ಸರಾಗ ಹೋಯ್ತು, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ವಾಪಸ್ ಬರೋವಾಗ ಟ್ರೈನ್ ಟಿಕೆಟ್ ಸಿಗಲಿಲ್ಲ. ಮಗಳು ನಾಳೆ ಹೋಗೋಣ ಅಂದಳು, ನಾನು ಬೇಡ ಅಂತ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದೆ. ಕಿಟಕಿ ಪಕ್ಕ ಕೂತೆ, ತುಮಕೂರು ಬರೋವರೆಗೂ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಇದ್ದೆ. ಆಮೇಲೆ ಏನೂ ನೆನಪಿಲ್ಲ. ಹಿರಿಯೂರಿನಲ್ಲಿ ಬಸ್ಸು ನಿಂತಿತ್ತಂತೆ, ಎಲ್ಲರೂ ಇಳಿದು ಟೀ ಕುಡಿದು ಬಂದರಂತೆ. ನಾನು ನಿದ್ದೆ ಮಾಡ್ತಿದ್ದೆನಂತೆ, ಎಬ್ಬಿಸಲಿಲ್ಲ ಅಂದಳು.